ರಾಕೆಟ್ ಓಡಿದ ಕಾಲದ ಖಾನಾಪುರ

ಹತ್ತೊಂಬತ್ತನೆಯ ಶತಮಾನದ ಆರಂಭದ ಆವಿಷ್ಕಾರಗಳೆಂದರೆ ಪಠ್ಯಪುಸ್ತಕದಲ್ಲಿ ಒಂದು ಪಟ್ಟಿ ಇರುತ್ತದೆ: 1804ರಲ್ಲಿ ಟ್ರೆವಿಥಿಕ್‌ನ ಉಗಿಬಂಡಿ, 1829ರಲ್ಲಿ ಸ್ಟೀಫನ್‌ಸನ್ನರ 'ರಾಕೆಟ್', 1831ರಲ್ಲಿ ಫ್ಯಾರಡೆಯ ವಿದ್ಯುತ್ ಪ್ರಯೋಗ. ಬೆಳಗಾವಿಯಲ್ಲಿ ಕೂತು ಸಂಶೋಧನೆ ಮಾಡುವ ನಾನು ಆ ಪಟ್ಟಿಯ ಪಕ್ಕದಲ್ಲಿ ನಮ್ಮ ಸೀಮೆಯ ಇಸವಿಗಳನ್ನೂ ಬರೆದಿಟ್ಟುಕೊಳ್ಳುತ್ತೇನೆ.

1830ರ ಸೆಪ್ಟೆಂಬರ್ 15ರಂದು ಲಿವರ್‌ಪೂಲ್–ಮ್ಯಾಂಚೆಸ್ಟರ್ ರೈಲುಮಾರ್ಗ ಉದ್ಘಾಟನೆಯಾಯಿತು. 1831ರ ಜನವರಿ 26ರಂದು ಖಾನಾಪುರ ತಾಲೂಕಿನ ನಂದಗಡದಲ್ಲಿ ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದರು. ನಡುವೆ ಐದು ತಿಂಗಳೂ ಇಲ್ಲ.

ರಾಕೆಟ್‌ನ ಗುಟ್ಟು ಅದರ ಬಾಯ್ಲರಿನಲ್ಲಿತ್ತು. ಒಲೆಯ ಬಿಸಿಗಾಳಿ 25 ತಾಮ್ರದ ಕೊಳವೆಗಳ ಮೂಲಕ ಹಾದು ನೀರನ್ನು ಬೇಗ ಕಾಯಿಸುತ್ತಿತ್ತು. ಗಂಟೆಗೆ ಸುಮಾರು 47 ಕಿಲೋಮೀಟರ್ ವೇಗ! ಆಗ ನಮ್ಮಲ್ಲಿ ಕರಾವಳಿಯ ಉಪ್ಪು ಎತ್ತಿನ ಬೆನ್ನೇರಿ ರಾಮಘಾಟ್ ಹತ್ತುತ್ತಿತ್ತು.

ಲಿವರ್‌ಪೂಲ್ ಬಂದರಿನಲ್ಲಿ ಇಳಿದ ಹತ್ತಿ ಆ ಹಳಿಯ ಮೇಲೆ ಮ್ಯಾಂಚೆಸ್ಟರಿನ ಗಿರಣಿಗಳಿಗೆ ಹೋಗುತ್ತಿತ್ತು. ಗಿರಣಿಗಳ ಹಸಿವು ಬೆಳೆದಂತೆ ಧಾರವಾಡ ಸೀಮೆಯ ಎರೆಭೂಮಿಯ ಮೇಲೂ ಅವುಗಳ ಕಣ್ಣು ಬಿತ್ತು. ಇಲ್ಲಿಂದ ಹತ್ತಿ ಹೋಯಿತು, ಅಲ್ಲಿಂದ ಅಗ್ಗದ ಬಟ್ಟೆ ಬಂತು. ಪೆಟ್ಟು ಬಿದ್ದದ್ದು ಕೈಮಗ್ಗಕ್ಕೆ.

ರೈಲು ನಮ್ಮ ಕಡೆ ಬರಲು ಮತ್ತೆ ಅರ್ಧ ಶತಮಾನ ಬೇಕಾಯಿತು. 1876–78ರ ಭೀಕರ ಬರದ ನಂತರ, 1882ರಲ್ಲಿ, ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ಖಾನಾಪುರ ತಾಲೂಕಿನ ಲೋಂಡಾ ಜಂಕ್ಷನ್ ಆಗಿ ಗೋವೆಯ ಮುರಗಾವ್ ಬಂದರಿಗೆ ಹೊಂದಿಕೊಂಡಿತು. ಬರಗಾಲದಲ್ಲಿ ಕಾಳು ತರಬಲ್ಲ ರೈಲು ಸುಗ್ಗಿಯಲ್ಲಿ ಕಾಳನ್ನು ಹೊರಗೂ ಒಯ್ಯಬಲ್ಲದು. ಹಳಿಗಳ ಕೆಳಗೆ ಹಾಸಲು ಮರ ಬೇಕಿತ್ತು. 1865 ಮತ್ತು 1878ರ ಅರಣ್ಯ ಕಾಯ್ದೆಗಳು ಬಂದ ಕಾರಣಗಳಲ್ಲಿ ಅದೂ ಒಂದು. ಹಿಂದೆ ಕೇಳದೆ ಕಡಿಯುತ್ತಿದ್ದ ಸೌದೆಗೆ ಈಗ ಅಪ್ಪಣೆ ಬೇಕಾಯಿತು.

ರಾಯಣ್ಣನ ದಂಡು ಖಾನಾಪುರ ಸೀಮೆಯ ಬೀಡಿಯಲ್ಲಿ ಸರಕಾರಿ ಕಚೇರಿಗೆ ಬೆಂಕಿ ಇಟ್ಟಿತ್ತು. ಅಂಥ ಕಚೇರಿಯಲ್ಲಿ ಇರುತ್ತಿದ್ದುದು ಯಾರ ಹೊಲ ಎಷ್ಟು, ಕಂದಾಯ ಎಷ್ಟು ಎಂಬ ಲೆಕ್ಕ. ಆ ಲೆಕ್ಕಕ್ಕೆ ಉಗಿಯೂ ಬೇಡ, ಹಳಿಯೂ ಬೇಡ; ಮಸಿ ಮತ್ತು ಕಾಗದ ಸಾಕಿತ್ತು. ರೈತನ ಬದುಕನ್ನು ಮೊದಲು ಬದಲಿಸಿದ್ದು ಅದೇ.

ಹಾಗೆಂದು ರೈಲನ್ನು ಶಪಿಸಬೇಕಿಲ್ಲ. ಉಪ್ಪು ಹೊತ್ತ ಎತ್ತಿನ ಬೆನ್ನಿನ ಹುಣ್ಣು ಮಾಯಿಸಿದ್ದು ಅದೇ. ಆದರೆ ಯಂತ್ರವೊಂದು 'ಜಗತ್ತನ್ನು ಬದಲಿಸಿತು' ಎಂದು ಓದಿದಾಗಲೆಲ್ಲ ಯಾರ ಜಗತ್ತನ್ನು, ಯಾರ ಅನುಕೂಲಕ್ಕೆ ಎಂದು ಕೇಳಬೇಕು. ನಂದಗಡದ ಇಸವಿಯನ್ನು ಪಟ್ಟಿಗೆ ಸೇರಿಸಿಕೊಂಡರೆ ಆ ಪ್ರಶ್ನೆ ತಾನಾಗಿಯೇ ಎದ್ದು ನಿಲ್ಲುತ್ತದೆ.