ವಾಲಿದ ಚಕ್ರವೂ ತಿದ್ದುವ ತಂತ್ರಾಂಶವೂ

ಹಳೆಯ ಛಾಯಾಚಿತ್ರವೊಂದರಲ್ಲಿ ಕಾಣುವ ದೋಷಗಳೆಲ್ಲ ಒಂದೇ ಜಾತಿಯವಲ್ಲ. ಕೆಲವು ಕಾಲಾನಂತರದಲ್ಲಿ ಚಿತ್ರಕ್ಕೆ ಅಂಟಿಕೊಂಡವು. ಕೆಲವು ಚಿತ್ರದೊಡನೆಯೇ ಹುಟ್ಟಿದವು. ಕಂಪ್ಯೂಟರಿನ ಮುಂದೆ ಕುಳಿತು ಚಿತ್ರವನ್ನು ತಿದ್ದುವವರು ಈ ಭೇದವನ್ನು ಮರೆತರೆ ಚರಿತ್ರೆಗೆ ಏನಾಗುತ್ತದೆ ಎಂಬುದನ್ನು ಒಂದು ಪ್ರಸಿದ್ಧ ಕಾರಿನ ಚಿತ್ರವನ್ನು ಮುಂದಿಟ್ಟುಕೊಂಡು ಹೇಳಬೇಕೆಂದಿದ್ದೇನೆ. ನನ್ನ ತರಗತಿಯಲ್ಲಿ ಕುಳಿತಿದ್ದವರಿಗೆ ಇದು ‘ಇತಿಹಾಸದ ಆಕರಗಳು’ ಎಂಬ ಮೊದಲ ಪಾಠದ ಮುಂದುವರಿಕೆಯಂತೆ ತೋರಬಹುದು.

ಫ್ರಾನ್ಸ್ ದೇಶದ ಜಾಕ್ ಆಂರಿ ಲಾರ್ತಿಗ್ ಹುಟ್ಟಿದ್ದು 1894ರಲ್ಲಿ, ಸಿರಿವಂತರ ಮನೆಯಲ್ಲಿ. ಬಾಲ್ಯದಲ್ಲಿಯೇ ತಂದೆ ಆತನಿಗೆ ಕ್ಯಾಮೆರಾ ಕೊಡಿಸಿದರು. ಓಡುವ ಕಾರು, ಹಾರುವ ವಿಮಾನ, ನೆಗೆಯುವ ಮನುಷ್ಯರು – ಚಲಿಸುವುದೆಲ್ಲವೂ ಆ ಹುಡುಗನ ಚಿತ್ರಗಳಿಗೆ ವಸ್ತುವಾಯಿತು. ತಾರುಣ್ಯಕ್ಕೆ ಕಾಲಿಡುತ್ತಿದ್ದಾಗ ಫ್ರಾನ್ಸಿನ ಗ್ರ್ಯಾನ್ ಪ್ರಿ ಕಾರು ಸ್ಪರ್ಧೆಯನ್ನು ನೋಡಲು ಹೋಗಿ, ರಸ್ತೆಯ ಬದಿಯಲ್ಲಿ ನಿಂತು, ರಭಸದಿಂದ ಸಾಗುತ್ತಿದ್ದ ಕಾರಿನೊಂದಿಗೇ ಕ್ಯಾಮೆರಾವನ್ನು ತಿರುಗಿಸುತ್ತ ಒಂದು ಚಿತ್ರ ತೆಗೆದ. ಕಾರಿನ ಮುಂಭಾಗ ಚೌಕಟ್ಟಿನಾಚೆಗೆ ಉಳಿಯಿತು. ಹಿಂದಿನ ಚಕ್ರ ದುಂಡಗಿರದೆ ಮೊಟ್ಟೆಯ ಆಕಾರ ತಾಳಿ ಮುಂದಕ್ಕೆ ವಾಲಿತು. ಹಿನ್ನೆಲೆಯ ಪ್ರೇಕ್ಷಕರೂ ಕಂಬಗಳೂ ಬಿರುಗಾಳಿಗೆ ಸಿಕ್ಕಂತೆ ಹಿಂದಕ್ಕೆ ಬಾಗಿದರು.

ಇದಕ್ಕೆ ಕಾರಣ ಸ್ವಾರಸ್ಯಕರವಾದುದು. ಅಂದಿನ ಅಂಥ ಕ್ಯಾಮೆರಾಗಳಲ್ಲಿ ಗಾಜಿನ ಫಲಕದ ಮುಂದೆ ಒಂದು ಪರದೆಯಿದ್ದು, ಅದರಲ್ಲಿನ ಕಿರಿದಾದ ಸೀಳು ಮೇಲಿನಿಂದ ಕೆಳಕ್ಕೆ ಸರಿಯುತ್ತಿತ್ತು. ಚಿತ್ರವು ಇಡಿಯಾಗಿ ಒಂದೇ ಕ್ಷಣಕ್ಕೆ ಮೂಡದೆ, ಪಟ್ಟಿ ಪಟ್ಟಿಯಾಗಿ ಮೂಡುತ್ತಿತ್ತು. ಫಲಕದ ಮೇಲೆ ಬಿಂಬ ತಲೆಕೆಳಗಾಗಿರುವುದರಿಂದ ಚಕ್ರದ ಬುಡ ಮೊದಲು ದಾಖಲಾಯಿತು, ನೆತ್ತಿ ಅನಂತರ. ಅಷ್ಟರೊಳಗೆ ಕಾರು ಮುಂದೆ ಸರಿದಿತ್ತು; ಆದುದರಿಂದ ಚಕ್ರ ಮುಂದಕ್ಕೆ ವಾಲಿತು. ತಿರುಗುತ್ತಿದ್ದ ಕ್ಯಾಮೆರಾದ ಕಣ್ಣಿಗೆ ನಿಂತ ಜನ ಹಿಂದೆ ಸರಿದಂತೆ ಆದುದರಿಂದ ಅವರು ಹಿಂದಕ್ಕೆ ಬಾಗಿದರು. ಅಂದರೆ ಆ ಚಿತ್ರದ ಓರೆಯೆಂಬುದು ವೇಗವು ತಾನೇ ಹಾಕಿದ ಸಹಿ.

ಲಾರ್ತಿಗ್ ಇದನ್ನು ಕೆಟ್ಟುಹೋದ ಚಿತ್ರವೆಂದೇ ಭಾವಿಸಿ ಬಹುಕಾಲ ಬದಿಗಿಟ್ಟಿದ್ದ. 1963ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಜಾನ್ ಶಾರ್ಕಾವ್‌ಸ್ಕಿ ಆತನ ಚಿತ್ರಗಳ ಪ್ರದರ್ಶನವನ್ನು ಏರ್ಪಡಿಸಿದಾಗ ಲೋಕ ಬೆರಗಾಯಿತು. ಆಗ ಲಾರ್ತಿಗ್‌ಗೆ 69 ವರ್ಷ. ಇಂದು ಆತನ ಹೆಸರನ್ನು ಹೇಳಿದೊಡನೆ ಕಣ್ಣಮುಂದೆ ಬರುವುದು ಆ ವಾಲಿದ ಚಕ್ರವೇ.

ಇನ್ನೊಂದು ಸಂಗತಿಯಿದೆ. ಈ ಚಿತ್ರ 1912ರದು, ಅದರಲ್ಲಿರುವುದು ಡೆಲಾಜ್ ಕಾರು ಎಂಬ ಒಕ್ಕಣೆಯೇ ಬಹುಕಾಲ ನಡೆದುಬಂದಿತ್ತು. ಕಾರಿನ ಮೈಮೇಲೆ 6 ಎಂಬ ಅಂಕಿಯಿದೆ. ಅನಂತರದ ಸಂಶೋಧಕರು ಇದು 1913ರಲ್ಲಿ ಅಮಿಯಾಂ ಬಳಿ ನಡೆದ ಸ್ಪರ್ಧೆಯದೆಂದೂ, ಕಾರು ಶ್ನೈಡರ್ ಕಂಪನಿಯದೆಂದೂ ಗುರುತಿಸಿದರು. ಒಕ್ಕಣೆ ತಪ್ಪಿತ್ತು, ಚಿತ್ರ ತಪ್ಪಿರಲಿಲ್ಲ. ಚಿತ್ರ ಇದ್ದಂತೆಯೇ ಉಳಿದಿದ್ದುದರಿಂದ ಒಕ್ಕಣೆಯನ್ನು ಸರಿಪಡಿಸಲು ಸಾಧ್ಯವಾಯಿತು.

ಚಿತ್ರಗಳನ್ನು ತಿದ್ದುವ ಕೆಲಸ ಕಂಪ್ಯೂಟರಿನೊಂದಿಗೆ ಹುಟ್ಟಿದ್ದಲ್ಲ. ನೆಗೆಟಿವ್‌ನ ಮೇಲೆ ಸೀಸದ ಕಡ್ಡಿಯಿಂದ ತೀಡುವುದು, ಪ್ರತಿಯ ಮೇಲೆ ಕುಂಚದಿಂದ ಬಣ್ಣ ಹಚ್ಚುವುದು ಹಿಂದಿನ ಸ್ಟುಡಿಯೋಗಳ ನಿತ್ಯದ ಕೆಲಸವಾಗಿತ್ತು. ಸೋವಿಯತ್ ಒಕ್ಕೂಟದಲ್ಲಿ ಕಾಲುವೆಯ ದಡದ ಮೇಲೆ ಸ್ಟಾಲಿನ್ ಪಕ್ಕದಲ್ಲಿ ನಡೆಯುತ್ತಿದ್ದ ಯೆಜೋವ್ ಎಂಬ ಅಧಿಕಾರಿಯನ್ನು 1940ರಲ್ಲಿ ಕೊಂದ ಬಳಿಕ, ಚಿತ್ರದಿಂದಲೂ ಅಳಿಸಿ ಆ ಜಾಗದಲ್ಲಿ ನೀರು ತುಂಬಿದರು. ಅದಕ್ಕೆ ನುರಿತ ಕೈ ಬೇಕಿತ್ತು. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಥಾಮಸ್ ನೋಲ್ 1987ರಲ್ಲಿ ಆರಂಭಿಸಿ, ಅಣ್ಣತಮ್ಮಂದಿರಿಬ್ಬರೂ ಸೇರಿ ಬೆಳೆಸಿದ ತಂತ್ರಾಂಶವು 1990ರಲ್ಲಿ ಅಡೋಬಿ ಕಂಪನಿಯ ಮೂಲಕ ‘ಫೋಟೋಶಾಪ್’ ಎಂಬ ಹೆಸರಿನಲ್ಲಿ ಹೊರಬಂದ ಮೇಲೆ ಆ ಕೌಶಲ ಮೇಜಿನ ಮೇಲಿನ ಮೌಸಿಗೆ ಇಳಿಯಿತು. 2002ರ ಆವೃತ್ತಿಯಲ್ಲಿ ಕಲೆಗಳನ್ನು ಸುತ್ತಲಿನ ಬಣ್ಣದೊಡನೆ ಬೆಸೆದು ಮಾಯಿಸುವ ‘ಹೀಲಿಂಗ್ ಬ್ರಷ್’ ಬಂದಿತು. 2010ರಲ್ಲಿ, ಬೇಡವಾದುದನ್ನು ಸುತ್ತುಗಟ್ಟಿ ತೋರಿಸಿದರೆ ಆ ಜಾಗವನ್ನು ತಾನೇ ತುಂಬಿಕೊಡುವ ಸೌಲಭ್ಯವೂ ಸೇರಿತು.

ಈಗ ಲಾರ್ತಿಗನ ಚಿತ್ರವನ್ನು ಇಂಥ ತಂತ್ರಾಂಶಕ್ಕೆ ಒಪ್ಪಿಸಿದೆವೆಂದು ಭಾವಿಸೋಣ. ಕಾರನ್ನು ಬೇರೆಯಾಗಿ ಆಯ್ದು ಒಂದು ದಿಕ್ಕಿಗೆ ಓರೆ ತಿದ್ದಬಹುದು, ಜನರನ್ನು ಬೇರೆಯಾಗಿ ಆಯ್ದು ಇನ್ನೊಂದು ದಿಕ್ಕಿಗೆ ನೆಟ್ಟಗೆ ಮಾಡಬಹುದು, ಮಸುಕನ್ನು ಕಳೆಯಬಹುದು, ಇಲ್ಲದ ಮುಂಭಾಗವನ್ನು ಕೂಡಿಸಬಹುದು. ಕೊನೆಗೆ ಉಳಿಯುವುದು ರಸ್ತೆಯಲ್ಲಿ ನಿಲ್ಲಿಸಿದ ಒಂದು ಕಾರು. ತಂತ್ರಾಂಶಕ್ಕೆ ಗೀರು ಯಾವುದು, ವೇಗ ಯಾವುದು ಎಂಬುದು ತಿಳಿಯದು. ಅದನ್ನು ತಿಳಿಯಬೇಕಾದವರು ನಾವು.

ನಮ್ಮ ಮನೆಗಳ ಆಲ್ಬಮ್ಮುಗಳಿಗೂ ಈ ಮಾತು ಸಲ್ಲುತ್ತದೆ. ಬಂಧುಗಳಲ್ಲೊಬ್ಬ ಯುವಕ ಒಮ್ಮೆ ತನ್ನ ಅಜ್ಜಿಯ ಮದುವೆಯ ಚಿತ್ರವೊಂದನ್ನು ಕಂಪ್ಯೂಟರಿನಲ್ಲಿ ತೋರಿಸಿದ. ಹೂಮಾಲೆ ತೊಟ್ಟ ಅಂಬಾಸಿಡರ್ ಕಾರು. ಬಾನೆಟ್ಟಿನ ಮೇಲೆ ಅಡ್ಡಲಾಗಿ ಮಡಿಕೆಯ ಬಿರುಕು. ಮೂಲೆಯಲ್ಲಿ ನೀರಿನ ಕಲೆ. ಅಂಚಿನಲ್ಲಿ ಖಾಕಿ ಅಂಗಿ ತೊಟ್ಟು ಕೈಯಲ್ಲಿ ಬಟ್ಟೆ ಹಿಡಿದ, ಅರ್ಧ ಮಾತ್ರ ಕಾಣುವ ಒಬ್ಬ ಮನುಷ್ಯ. “ತಾತ, ಬಿರುಕು, ಕಲೆ ಎರಡನ್ನೂ ತೆಗೆದೆ. ಈ ಅರ್ಧ ಮನುಷ್ಯನನ್ನೂ ತೆಗೆದುಬಿಟ್ಟರೆ ಚಿತ್ರ ಲಕ್ಷಣವಾಗಿರುತ್ತೆ ಅಲ್ವಾ?” ಎಂದು ಕೇಳಿದ. “ಮೊದಲು ನಿಮ್ಮಜ್ಜಿಯನ್ನು ವಿಚಾರಿಸಪ್ಪಾ” ಎಂದೆ. ಆಕೆ ಕನ್ನಡಕ ಏರಿಸಿ ನೋಡಿ, ಆತ ಡ್ರೈವರ್ ಎಂದರು. ಕಾರು ಪಕ್ಕದ ಊರಿನ ಸಾಹುಕಾರರದು. ಒಂದು ದಿನದ ಮಟ್ಟಿಗೆ ಕೇಳಿ ತಂದದ್ದು. ಕಾರಿನೊಂದಿಗೆ ಡ್ರೈವರನ್ನೂ ಅವರೇ ಕಳುಹಿಸಿದ್ದರು. ಆತನನ್ನು ಅಳಿಸಿದ್ದರೆ ಮುಂದಿನ ತಲೆಮಾರಿನವರು ತಮ್ಮ ಮನೆಯಲ್ಲಿ ಆ ಕಾಲಕ್ಕೇ ಕಾರಿತ್ತೆಂದು ನಂಬುತ್ತಿದ್ದರು. ಸುಳ್ಳನ್ನು ಯಾರೂ ಹೇಳಿರುತ್ತಿರಲಿಲ್ಲ. ಆದರೂ ಸುಳ್ಳೊಂದು ಮನೆತನದ ಚರಿತ್ರೆಯೊಳಗೆ ಸೇರಿಹೋಗುತ್ತಿತ್ತು. ಒಂದು ದಿನದ ಸಹಾಯಕ್ಕೆ ಬಂದ ಮನುಷ್ಯನ ಗುರುತೂ ಅಳಿಯುತ್ತಿತ್ತು. ನಂಬರ್ ಪ್ಲೇಟಿನ ಮೇಲಿನ ‘ಎಂವೈ’ ಅಕ್ಷರಗಳು ಮೈಸೂರು ರಾಜ್ಯದ ದಿನಗಳನ್ನು ನೆನಪಿಸುವಂಥವು. ಮಸುಕಾಗಿದೆಯೆಂದು ಅವನ್ನು ಹೊಸದಾಗಿ ಬರೆಯಹೊರಟವನನ್ನೂ ತಡೆದೆ.

ಆದಕಾರಣ ಆತ್ಮೀಯರಾದ ನಿಮ್ಮಲ್ಲಿ ನನ್ನ ವಿನಂತಿ ಇಷ್ಟು. ಗೆದ್ದಲು, ನೀರು, ಮಡಿಕೆ, ಬೂಷ್ಟುಗಳು ಮಾಡಿದ ಗಾಯಕ್ಕೆ ಧಾರಾಳವಾಗಿ ಮದ್ದು ಹಾಕಿರಿ. ಚಿತ್ರ ತೆಗೆದ ಕ್ಷಣದಲ್ಲಿ ಅಲ್ಲಿದ್ದುದನ್ನು, ಅದು ಓರೆಯಾಗಿರಲಿ, ಅರ್ಧವಾಗಿರಲಿ, ಮುಟ್ಟಬೇಡಿರಿ. ಏನು ಮಾಡುವುದಿದ್ದರೂ ಪ್ರತಿಯ ಮೇಲೆ ಮಾಡಿರಿ. ಮೂಲವನ್ನು ಹಾಗೆಯೇ ಕಾದಿಡಿರಿ. ತಿದ್ದಿದ್ದು ಏನೆಂಬುದನ್ನು ಪ್ರತಿಯ ಹಿಂದೆ ಎರಡು ಸಾಲಿನಲ್ಲಿ ಬರೆದಿಡಿರಿ. ಚಿತ್ರದಲ್ಲಿರುವವರನ್ನು ಗುರುತಿಸಬಲ್ಲ ಹಿರಿಯರು ಮನೆಯಲ್ಲಿದ್ದರೆ, ಮೌಸ್ ಹಿಡಿಯುವ ಮೊದಲು ಅವರ ಪಕ್ಕದಲ್ಲಿ ಅರ್ಧ ಗಂಟೆ ಕುಳಿತುಕೊಳ್ಳಿರಿ. ತಂತ್ರಾಂಶಕ್ಕೆ ಕಾಲಾವಕಾಶವಿದೆ, ಅವರಿಗೆ ಅಷ್ಟಿಲ್ಲ.