ದಂಡು ಬರುವ ವರ್ಷ: ಕಾಲಜ್ಞಾನ ಮತ್ತು ಅನ್ಯಗ್ರಹದ ಕಾದಂಬರಿ

ಮುಂದಾಗುವುದನ್ನು ಹೇಳುವ ಕಾಲಜ್ಞಾನ ಸಾಹಿತ್ಯವೇ ಕನ್ನಡದ ಮೊದಲ ವಿಜ್ಞಾನ ಕಥೆ ಎಂಬ ಮಾತನ್ನು ನಾನು ಒಪ್ಪಲಾರೆ. ಆದರೆ ಅದನ್ನು ಬರೀ ಪುರಾಣವೆಂದು ಬದಿಗಿಡುವುದೂ ಸರಿಯಲ್ಲ.

ವಿಜ್ಞಾನ ಕಥೆಯಲ್ಲಿ ಬರುವ ಹೊರಗಿನವರ ದಾಳಿಗೆ ವಸಾಹತುಶಾಹಿಯ ಅನುಭವವೇ ಬೇರು ಎಂಬುದರಲ್ಲಿ ಈಗ ಹೆಚ್ಚು ವಿವಾದವಿಲ್ಲ. 1898ರಲ್ಲಿ ಪುಸ್ತಕವಾಗಿ ಬಂದ 'ದಿ ವಾರ್ ಆಫ್ ದಿ ವರ್ಲ್ಡ್ಸ್'ನ ಆರಂಭದಲ್ಲೇ ಎಚ್. ಜಿ. ವೆಲ್ಸ್ ಟಾಸ್ಮೇನಿಯಾದ ಮೂಲನಿವಾಸಿಗಳ ನಾಶವನ್ನು ನೆನೆಯುತ್ತಾನೆ. ವಿವಾದ ಇರುವುದು ವಿಮರ್ಶಕ ಡಾರ್ಕೊ ಸುವಿನ್ 1979ರಲ್ಲಿ ಎಳೆದ ಗೆರೆಯ ಬಗ್ಗೆ. ಪುರಾಣವು ಜಗತ್ತನ್ನು ಒಮ್ಮೆಗೇ ವಿವರಿಸಿ ಮುಗಿಸುತ್ತದೆ, ವಿಜ್ಞಾನ ಕಥೆ ಅದನ್ನೇ ಸಮಸ್ಯೆಯಾಗಿ ಮುಂದಿಡುತ್ತದೆ ಎಂಬುದು ಅವನ ವಾದ. ಕಾಲಜ್ಞಾನ ಈ ಗೆರೆಯ ಯಾವ ಬದಿಗೂ ಪೂರ್ತಿ ನಿಲ್ಲುವುದಿಲ್ಲ.

ಚೆನ್ನಬಸವಣ್ಣ, ಕೊಡೇಕಲ್ ಬಸವಣ್ಣ ಮೊದಲಾದವರ ಹೆಸರಿನಲ್ಲಿ ಸಾಗಿಬಂದ ಈ ವಚನಗಳಲ್ಲಿ ದಂಡು ಬರುತ್ತದೆ, ನಾಡು ಹಾಳಾಗುತ್ತದೆ, ವೀರ ವಸಂತರಾಯ ಬಂದು ಬಸವಣ್ಣನ ಕಲ್ಯಾಣವನ್ನು ಮತ್ತೆ ನಿಲ್ಲಿಸುತ್ತಾನೆ. ಯಾವಾಗ? ಹಲವು ಕಡೆ ಉತ್ತರ ಒಂದು ಸಂವತ್ಸರದ ಹೆಸರು ಮಾತ್ರ, ಶಕವರ್ಷದ ಅಂಕಿ ಇಲ್ಲ. ಅಂಕಿ ಗೊತ್ತಿಲ್ಲದೆ ಬಿಟ್ಟದ್ದು ಎನ್ನಲು ಬಾರದು. ಇದೇ ನೆಲದ ಶಾಸನಗಳು ಶಕವರ್ಷ, ಸಂವತ್ಸರ ಎರಡನ್ನೂ ಜೊತೆಗೇ ಕೊರೆದಿಟ್ಟಿವೆ.

ಹೆಸರೊಂದೇ ಇದ್ದರೆ ಅರವತ್ತು ವರ್ಷಕ್ಕೊಮ್ಮೆ ಅದು ಮರಳುತ್ತದೆ. ಉದಾಹರಣೆಗೆ ರಕ್ತಾಕ್ಷಿಯನ್ನು ಹಿಡಿಯೋಣ. ಮುದ್ದೇಬಿಹಾಳ ಸೀಮೆಯ ರಕ್ಕಸಗಿ-ತಂಗಡಗಿ ಊರುಗಳ ಹೆಸರು ಹೊತ್ತ ಕದನದಲ್ಲಿ ವಿಜಯನಗರದ ಅಳಿಯ ರಾಮರಾಯ ಸತ್ತದ್ದು 1565ರ ಜನವರಿ 23ರಂದು, ಶಕ 1486ರ ರಕ್ತಾಕ್ಷಿಯಲ್ಲಿ. ಮುಂದಿನ ರಕ್ತಾಕ್ಷಿ ಬಂದದ್ದು 1624ರ ಯುಗಾದಿಗೆ. ಅಹ್ಮದ್‌ನಗರದ ಮಲಿಕ್ ಅಂಬರ್ ಭಾತವಡಿಯಲ್ಲಿ ವಿಜಯಪುರದ ಸೈನ್ಯವನ್ನು ಸೋಲಿಸಿದ್ದು ಆ ವರ್ಷವೇ. ಅದರ ಮುಂದಿನದು 1684ರಲ್ಲಿ. ಮರುವರ್ಷ ಮೊಗಲರು ವಿಜಯಪುರಕ್ಕೆ ಮುತ್ತಿಗೆ ಹಾಕಿದರು, 1686ರಲ್ಲಿ ಕೋಟೆ ಬಿತ್ತು. ಹೊರಗಿನವನ ಹೆಸರು ಪ್ರತಿ ಸಲವೂ ಬೇರೆ. ಕಟ್ಟೆಯ ಮೇಲೆ ಕುಳಿತು ಬೆರಳಗಂಟಿನಲ್ಲಿ ಪ್ರಭವ, ವಿಭವ ಎಂದು ಎಣಿಸುವ ಮುತ್ಯಾನಿಗೆ ವಚನದ ಒಂದಕ್ಷರವನ್ನೂ ಬದಲಿಸಬೇಕಾಗಿಲ್ಲ.

ಆದ್ದರಿಂದ ಅಂಕಿಯಿಲ್ಲದಿರುವುದು ಕೊರತೆಯಲ್ಲ, ಭವಿಷ್ಯವಾಣಿಯನ್ನು ಜೀವಂತವಾಗಿಡುವ ರಚನೆ ಎಂಬುದು ನನ್ನ ವಾದ. ಇದನ್ನು ಅಳುಕಿನಿಂದಲೇ ಹೇಳುತ್ತಿದ್ದೇನೆ. ಎಲ್ಲ ಕಾಲಜ್ಞಾನಗಳೂ ಹೀಗಿಲ್ಲ. ನಕಲು ಮಾಡುವಾಗ ಅಂಕಿ ಬಿಟ್ಟುಹೋಗಿರಬಹುದು. ನಡೆದದ್ದನ್ನೇ ಮುಂದೆ ನಡೆಯಲಿದೆ ಎಂದು ಬರೆದ ಭಾಗಗಳೂ ಇವೆ. ಮೇಲಿನ ಮೂರು ರಕ್ತಾಕ್ಷಿಗಳು ಇಂಥ ಓದಿಗೆ ಎಷ್ಟು ಎಡೆಯಿತ್ತು ಎಂದು ತೋರಿಸುತ್ತವೆ, ಜನ ಹಾಗೆಯೇ ಓದಿದರು ಎಂದಲ್ಲ.

ಚೀನಾದ ಲಿಯು ತ್ಸಿಶಿನ್ 2008ರಲ್ಲಿ ಬರೆದ 'ದಿ ಡಾರ್ಕ್ ಫಾರೆಸ್ಟ್' ಕಾದಂಬರಿಯನ್ನು ಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಅಲ್ಲಿ ಅನ್ಯಗ್ರಹದ ಹಡಗುಪಡೆ ಭೂಮಿ ಮುಟ್ಟಲು ನಾನೂರು ವರ್ಷಕ್ಕೂ ಹೆಚ್ಚು ಬೇಕು. ಆ ಲೆಕ್ಕ ಹುಟ್ಟಿದ್ದು ದೂರ ಮತ್ತು ವೇಗದಿಂದ. ಒಮ್ಮೆ ಕಳೆದ ವರ್ಷ ಅಲ್ಲಿ ಮರಳುವುದಿಲ್ಲ. ಹಾಗಾಗಿಯೇ ತಲೆಮಾರುಗಳಿಗೆ ಕೆಲಸ ಹಂಚಬೇಕಾಗುತ್ತದೆ: ಯುದ್ಧನೌಕೆ ಕಟ್ಟಬೇಕು, ಶತ್ರುವಿಗೆ ಮಾತೆಲ್ಲ ಕೇಳಿಸುವುದರಿಂದ ಆಯ್ದ ನಾಲ್ವರು ತಮ್ಮ ಉಪಾಯವನ್ನು ಮನಸ್ಸಿನಲ್ಲೇ ಬಚ್ಚಿಟ್ಟುಕೊಳ್ಳಬೇಕು. ಕಾಲಜ್ಞಾನದಲ್ಲಿ ಕಾದಾಡುವ ಕೆಲಸ ವಸಂತರಾಯನದು. ಕೇಳುವವನ ಕೆಲಸ ಹೊತ್ತು ಗುರುತಿಸುವುದು. ವಿಜ್ಞಾನ ಕಥೆಯೆಂದು ಅದನ್ನು ಕರೆಯಲು ನಾನು ಹಿಂಜರಿಯುವುದು ಇಲ್ಲಿ. ಆದರೆ ಪ್ರತಿ ಆವರ್ತಕ್ಕೂ ಹೊಸದಾಗಿ ಲೆಕ್ಕ ಹಾಕಿಸುವ ಪಠ್ಯವನ್ನು ಒಮ್ಮೆಗೇ ಮುಗಿದ ವಿವರಣೆ ಎಂದು ಸುವಿನ್‌ನಂತೆ ಕರೆಯಲೂ ಆಗದು.

ತಂಗಡಗಿ ಬಸವಣ್ಣನ ಮಡದಿ ನೀಲಮ್ಮ ಐಕ್ಯಳಾದ ಊರೆಂಬುದೂ ಇಲ್ಲಿ ನೆನಪಾಗುತ್ತದೆ. ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನ ಕಲ್ಯಾಣ ಕೆಟ್ಟ ನೆನಪೂ ವಿಜಯನಗರ ಬಿದ್ದ ನೆನಪೂ ಕೃಷ್ಣೆಯ ಈ ಒಂದೇ ದಂಡೆಯಲ್ಲಿ ಕೂಡಿವೆ. ವಸಂತರಾಯನ ಕಥೆ ಇವೆರಡನ್ನೂ ಬೆಸೆದುಕೊಂಡದ್ದಕ್ಕೆ ಈ ನೆರೆಯೂ ಕಾರಣವಿರಬಹುದೇ ಎಂಬುದನ್ನು ಬೇರೆಯಾಗಿಯೇ ಪರಿಶೀಲಿಸಬೇಕು.

ಉಳಿದ ಪ್ರಶ್ನೆ ಹಸ್ತಪ್ರತಿಗಳದು. ಒಂದೇ ವಚನದ ಹಲವು ಪ್ರತಿಗಳಲ್ಲಿ ಸಂವತ್ಸರದ ಹೆಸರು ಒಂದೇ ಇದೆಯೇ, ಲಿಪಿಕಾರರು ತಮ್ಮ ಕಾಲಕ್ಕೆ ತಕ್ಕಂತೆ ಬದಲಿಸಿದ್ದಾರೆಯೇ? ಬದಲಿಸಿದ್ದರೆ ನನ್ನ ವಾದ ಅರ್ಧ ಕುಸಿಯುತ್ತದೆ, ಏಕೆಂದರೆ ಆಗ ವಚನವನ್ನು ಬದುಕಿಸಿದ್ದು ಹೆಸರಿನ ಮರುಕಳಿಕೆಯಲ್ಲ, ನಕಲು ಮಾಡಿದವರ ಕೈ.