ಆನರ್ಸ್ ಪ್ರಬಂಧಕ್ಕೆ ಅಂಕವೇ ಅರ್ಹತೆಯೇ?

ಪದವಿಯ ಕೊನೆಯ ವರ್ಷದಲ್ಲಿ ಆನರ್ಸ್ ಪ್ರಬಂಧ ಬರೆಯಬೇಕೇ ಬೇಡವೇ ಎಂಬ ಪ್ರಶ್ನೆ ಎದುರಾದಾಗ ವಿದ್ಯಾರ್ಥಿಗಳು ಮೊದಲು ನೋಡುವುದು ತಮ್ಮ ಅಂಕಪಟ್ಟಿಯನ್ನು. ಈ ರೂಢಿಯ ಬೇರು ಹಳೆಯದು. ರೋಡ್ಸ್ ವಿದ್ಯಾರ್ಥಿವೇತನ ಪಡೆದು ಆಕ್ಸ್‌ಫರ್ಡ್‌ನಲ್ಲಿ ಓದಿ ಬಂದ ಫ್ರಾಂಕ್ ಏಡೆಲಾಟ್ 1921ರಲ್ಲಿ ಅಮೆರಿಕದ ಸ್ವಾರ್ಥ್‌ಮೋರ್ ಕಾಲೇಜಿನ ಅಧ್ಯಕ್ಷರಾದರು. ಮರುವರ್ಷವೇ ಅಲ್ಲಿ ಆನರ್ಸ್ ಯೋಜನೆ ಆರಂಭಿಸಿದರು. ಆಯ್ದ ವಿದ್ಯಾರ್ಥಿಗಳಿಗೆ ಕೊನೆಯ ಎರಡು ವರ್ಷ ಮಾಮೂಲಿ ತರಗತಿಗಳಿಂದ ಬಿಡುವು. ನಾಲ್ಕಾರು ಜನರ ಸೆಮಿನಾರಿನಲ್ಲಿ ತಾವೇ ಬರೆದು ತಂದ ಲೇಖನದ ಮೇಲೆ ಚರ್ಚೆ. ಕೊನೆಗೆ ಪರೀಕ್ಷಿಸಲು ಬರುವವರು ಹೊರಗಿನ ವಿದ್ವಾಂಸರು. ಅಂಕ ಕೊಡುವ ಅಧಿಕಾರ ಕೈಬಿಟ್ಟು ಹೋದದ್ದರಿಂದ ಮೇಷ್ಟ್ರು ವಿದ್ಯಾರ್ಥಿಯ ಜೊತೆಗಾರರಾದರು. ಆ ಯೋಜನೆಯ ನಿಜವಾದ ಶಕ್ತಿ ಇದ್ದದ್ದು ಈ ಸಂಬಂಧದಲ್ಲಿ. ಜಾಣರನ್ನು ಬೇರೆ ಕೂರಿಸಿದ್ದರಲ್ಲಿ ಅಲ್ಲ.

ಹಾಗೆನ್ನಲು ಆಧಾರವಿದೆ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯ 1920ರ ದಶಕದಲ್ಲೇ ಬಿ.ಎ. ವಿದ್ಯಾರ್ಥಿಗಳೆಲ್ಲರಿಗೂ ಪ್ರಬಂಧ ಕಡ್ಡಾಯ ಮಾಡಿತು. ಪೋರ್ಟ್‌ಲ್ಯಾಂಡಿನ ರೀಡ್ ಕಾಲೇಜಿನಲ್ಲಿ ಪ್ರಬಂಧ ಬರೆದು, ಮೌಖಿಕ ಪರೀಕ್ಷೆ ಎದುರಿಸದೆ ಯಾರಿಗೂ ಪದವಿಯಿಲ್ಲ. ಅಲ್ಲಿನ ಗ್ರಂಥಾಲಯದ ಗೋಪುರದಲ್ಲಿ ಹಳೆಯ ವಿದ್ಯಾರ್ಥಿಗಳ ಪ್ರಬಂಧಗಳೆಲ್ಲ ಬೈಂಡಾಗಿ ಕುಳಿತಿವೆ. ಪ್ರಬಂಧ ಜಾಣರಿಗೆ ಮಾತ್ರ ಎಟಕುವಂಥದ್ದಾಗಿದ್ದರೆ ಈ ಪದ್ಧತಿ ಇಷ್ಟು ಕಾಲ ಬಾಳುತ್ತಿರಲಿಲ್ಲ. ಇದಕ್ಕೊಂದು ಆಕ್ಷೇಪವಿದೆ: ಇದೆಲ್ಲ ಅನುಕೂಲಸ್ಥರ ಮಾತು. ಹಾರ್ವರ್ಡ್‌ನಲ್ಲಿ ಜಾನ್ ಕೆನಡಿ ಬರೆದ ಪ್ರಬಂಧ 1940ರಲ್ಲೇ ಪುಸ್ತಕವಾಗಿ ಹೊರಬಂತು, ನಿಜ. ಆದರೆ ಅವರ ತಂದೆ ಆಗ ಲಂಡನ್ನಿನಲ್ಲಿ ಅಮೆರಿಕದ ರಾಯಭಾರಿ. ಆಕ್ಷೇಪದಲ್ಲಿ ಹುರುಳಿದೆ. ಆದರೆ ಅದರಿಂದ ಹೊರಡುವ ತೀರ್ಮಾನ, ಗೈಡ್, ಗ್ರಂಥಾಲಯ, ಸಮಯ ಇವು ಎಲ್ಲರಿಗೂ ಸಿಗಬೇಕು ಎಂಬುದೇ ಹೊರತು ಬಾಗಿಲು ಕಿರಿದಾಗಬೇಕು ಎಂಬುದಲ್ಲ.

ನಮ್ಮಲ್ಲಿ ಬಾಗಿಲು ಕಿರಿದಾಗಿಯೇ ತೆರೆಯಿತು. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2022ರಲ್ಲಿ ರೂಪಿಸಿದ ಚೌಕಟ್ಟಿನ ಪ್ರಕಾರ, ಮೊದಲ ಆರು ಸೆಮಿಸ್ಟರ್‌ಗಳಲ್ಲಿ ಶೇ. 75 ಅಂಕ ಪಡೆದವರು ನಾಲ್ಕನೇ ವರ್ಷ ಸಂಶೋಧನೆಯ ಹಾದಿ ಹಿಡಿಯಬಹುದು. 2021ರಲ್ಲಿ ನಾಲ್ಕು ವರ್ಷದ ಆನರ್ಸ್ ತಂದ ಕರ್ನಾಟಕ 2024ರಲ್ಲಿ ಮೂರು ವರ್ಷದ ಪದವಿಗೆ ಮರಳಿತು. ಇನ್ನೊಂದು ವರ್ಷದ ಖರ್ಚು ಬಡ ಮನೆಗಳಿಗೆ ಭಾರ ಎಂಬ ಕಾಳಜಿ ನ್ಯಾಯವಾದದ್ದೇ. ಆದರೆ ಒಂದು ವಿಷಯವನ್ನು ಹಿಡಿದು ಆಳಕ್ಕಿಳಿಯಲು ನಾಲ್ಕನೇ ವರ್ಷವೇ ಬೇಕೆಂದೇನಿಲ್ಲ. ಮೂರನೇ ವರ್ಷದ ಒಂದು ಪತ್ರಿಕೆಯ ಜಾಗದಲ್ಲಿ ಸಣ್ಣ ಪ್ರಬಂಧಕ್ಕೂ ಅವಕಾಶ ಕೊಡಬಹುದು.

ಆದ್ದರಿಂದ ನಿರ್ಧಾರ ನಿಲ್ಲಬೇಕಾದದ್ದು ಮೂರು ಸಂಗತಿಗಳ ಮೇಲೆ: ತಿಂಗಳುಗಟ್ಟಲೆ ಬೆನ್ನು ಹತ್ತಿದರೂ ಬೇಸರವಾಗದ ಒಂದು ಪ್ರಶ್ನೆ, ಕರಡನ್ನು ಓದಿ ತಿದ್ದುವ ಗೈಡ್, ದುಡಿಮೆ ಮತ್ತು ಮನೆಯ ಹೊಣೆಯ ನಡುವೆ ಉಳಿಯುವ ಸಮಯ. ಇವು ಇಲ್ಲದವರು ಪ್ರಬಂಧ ಕೈಬಿಟ್ಟರೆ ಅದು ಸೋಲಲ್ಲ. ಬರಿಯ ಬಿರುದಿಗಾಗಿ ಬರೆದ ಪ್ರಬಂಧದಿಂದ ಬರೆದವರಿಗೂ ಲಾಭವಿಲ್ಲ. ಇವು ಇರುವವರು ಮಾತ್ರ ಅಂಕ ಕಡಿಮೆಯಾಯಿತೆಂದು ಹಿಂಜರಿಯಬಾರದು, ಕಾಲೇಜುಗಳೂ ಅವರನ್ನು ತಡೆಯಬಾರದು.